ಗುರುತಿಲ್ಲದ ಹೆಸರೆಲ್ಲ ವೈರಸ್ ಅಲ್ಲ

ಮೆಟ್ಟುಪಾಳ್ಯದಿಂದ ಊಟಿಗೆ ಹೊರಡುವ ಪುಟ್ಟ ರೈಲನ್ನು ನಮ್ಮಲ್ಲಿ ಹಲವರು ಹತ್ತಿದ್ದೇವೆ. 1908ರಲ್ಲಿ ಊಟಿಯನ್ನು ಮುಟ್ಟಿದ, 46 ಕಿಲೋಮೀಟರ್ ಉದ್ದದ ಈ ದಾರಿಯಲ್ಲಿ ಕಲ್ಲಾರಿನಿಂದ ಕೂನೂರಿನವರೆಗೆ ಬಹಳ ಕಡಿದಾದ ಏರು. ಆ ಏರಿನಲ್ಲಿ ಎಂಜಿನ್ ಮುಂದೆ ನಿಂತು ಎಳೆಯುವುದಿಲ್ಲ, ಹಿಂದೆ ನಿಂತು ತಳ್ಳುತ್ತದೆ. ಮುಂದಿನ ಬೋಗಿಯಲ್ಲಿ ಕುಳಿತು ಕಣಿವೆಯನ್ನು ನೋಡುತ್ತಿರುವವರ ಕಣ್ಣಿಗೆ ಎಂಜಿನ್ ಬೀಳುವುದೇ ಇಲ್ಲ. ಕಾಣುತ್ತಿಲ್ಲವೆಂದು ಅದು ಬೇಡವಾದೀತೆ?

ಮನೆಯ ಕಂಪ್ಯೂಟರಿನಲ್ಲೂ ಹೀಗೆ ಕಣ್ಣಿಗೆ ಬೀಳದೆ ಹಿಂದಿನಿಂದ ತಳ್ಳುವ ಎಂಜಿನ್‌ಗಳಿವೆ. ಅವುಗಳ ಹೆಸರು ವಿಚಿತ್ರ, ಮುಖ ಅಪರಿಚಿತ. ಆದ್ದರಿಂದಲೇ ಅವುಗಳನ್ನು ವೈರಸ್ ಎಂದು ತಿಳಿದು 'ಮುಗಿಸಿಬಿಡುವ' ಕೈಗಳು ಬಹಳ. ಹಾಗೆ ಮುಗಿಸಿದ ಮರುಕ್ಷಣ ಯಂತ್ರವೇ ಮುಗಿದುಹೋಗುತ್ತದೆ. ಜೊತೆಗೆ ಅದುವರೆಗೆ ಟೈಪ್ ಮಾಡಿ ಉಳಿಸದೇ ಇದ್ದ ಕೆಲಸವೂ ಹೋಗುತ್ತದೆ.

ಒಂದು ಮನೆಯ ಚಿತ್ರ

ಹೀಗೆ ಊಹಿಸಿಕೊಳ್ಳಿ. ಮಸಿನಗುಡಿಯ ಒಂದು ಮನೆ. ಪ್ಲಸ್ ಟು ಮುಗಿಸಿದ ಮಗಳು ವಿದ್ಯಾರ್ಥಿ ವೇತನಕ್ಕಾಗಿ ದೊಡ್ಡದೊಂದು ಪತ್ರವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಾಳೆ. ಮರುದಿನ ಅದನ್ನು ಪ್ರಿಂಟ್ ತೆಗೆದು ಊಟಿಗೆ ಒಯ್ಯಬೇಕು. ಯಂತ್ರ ಹಳೆಯದು, ಆಮೆಯಂತೆ ನಡೆಯುತ್ತಿದೆ. "ಬಿಡು, ನಾನು ಸರಿ ಮಾಡ್ತೀನಿ" ಎಂದು ಅಣ್ಣ ಬಂದು ಕೂರುತ್ತಾನೆ. ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತಾನೆ. ಅಲ್ಲಿ ನೂರಾರು ಹೆಸರುಗಳ ಪಟ್ಟಿ. ಅರ್ಧಕ್ಕರ್ಧ ಅರ್ಥವಾಗದವು. "ಇದ್ಯಾವುದು? ನಾವು ತೆರೆದೇ ಇಲ್ಲವಲ್ಲ" ಎಂದು ಒಂದರ ಮೇಲೆ ಬೆರಳಿಟ್ಟು 'ಎಂಡ್ ಟಾಸ್ಕ್' ಒತ್ತುತ್ತಾನೆ. ಯಂತ್ರ ಏನೋ ಎಚ್ಚರಿಕೆ ಕೊಡುತ್ತದೆ. ಓದುವ ವ್ಯವಧಾನ ಯಾರಿಗಿದೆ? ಅದಕ್ಕೂ ಒಪ್ಪಿಗೆ ಕೊಡುತ್ತಾನೆ. ಪರದೆ ಒಮ್ಮೆಲೇ ನೀಲಿಯಾಗಿ ಎಲ್ಲವೂ ನಿಲ್ಲುತ್ತದೆ. ತಂಗಿಯ ಪತ್ರ ಎಲ್ಲಿ?

ಅಣ್ಣನ ಮನಸ್ಸು ಒಳ್ಳೆಯದೇ. ಆದರೆ ಏನನ್ನು ನಿಲ್ಲಿಸುತ್ತಿದ್ದೇನೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಪಟ್ಟಿಯಲ್ಲಿರುವವರು ಯಾರು ಯಾರು?

ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಪ್ರತಿಯೊಂದು ಕೆಲಸಕ್ಕೂ 'ಪ್ರೊಸೆಸ್' ಎಂದು ಹೆಸರು. ನಾವೇ ತೆರೆದ ಪ್ರೊಸೆಸ್‌ಗಳು ಕೆಲವು: ಪತ್ರ ಬರೆಯುವ ವರ್ಡ್, ಹಾಡು ಕೇಳಿಸುವ ಪ್ಲೇಯರ್, ಅಂತರ್ಜಾಲ ನೋಡುವ ಬ್ರೌಸರ್. ಮಿಕ್ಕವನ್ನು ವಿಂಡೋಸ್ ತನ್ನ ಸಂಸಾರ ನಡೆಸಲು ತಾನೇ ತೆರೆದುಕೊಂಡಿರುತ್ತದೆ. ಅವುಗಳಲ್ಲಿ ಮುಖ್ಯವಾದ ಕೆಲವರ ಪರಿಚಯ ಮಾಡಿಕೊಳ್ಳೋಣ.

ಎಸ್.ಎಂ.ಎಸ್.ಎಸ್.: ಹೆಸರು ನೋಡಿ ಮೊಬೈಲಿನ ಎಸ್ಸೆಮ್ಮೆಸ್ ಎಂದುಕೊಳ್ಳಬೇಡಿ. ಯಂತ್ರ ಎದ್ದೊಡನೆ ಮೊದಲು ಏಳುವವರಲ್ಲಿ ಇದೂ ಒಂದು. ಉಳಿದ ಮುಖ್ಯ ಕೆಲಸಗಾರರನ್ನು ಎಬ್ಬಿಸುವ ಹೊಣೆ ಇದರದು.

ಸಿ.ಎಸ್.ಆರ್.ಎಸ್.ಎಸ್.: ಹೊಸ ಕಾರ್ಯಕ್ರಮಗಳು ಹುಟ್ಟುವಾಗ, ಯಂತ್ರ ಮಲಗುವಾಗ ಇದರ ನೆರವು ಬೇಕೇ ಬೇಕು. ಹೆಸರು ಗೊಂದಲದ್ದಾದ್ದರಿಂದ ಅತಿ ಹೆಚ್ಚು ಅನುಮಾನಕ್ಕೆ ಗುರಿಯಾದದ್ದೂ ಇದೇ.

ವಿನ್‌ಲಾಗಾನ್: ಬಳಕೆದಾರರು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ನೋಡಿಕೊಳ್ಳುತ್ತದೆ.

ಎಲ್.ಎಸ್.ಎ.ಎಸ್.ಎಸ್.: ಬಾಗಿಲ ಕಾವಲುಗಾರ. ನೀವು ಕೊಟ್ಟ ಪಾಸ್‌ವರ್ಡ್ ಸರಿಯೇ, ನಿಮಗೆ ಯಾವುದಕ್ಕೆ ಅನುಮತಿ ಇದೆ ಎಂದು ಪರೀಕ್ಷಿಸುವುದು ಇದರ ಕೆಲಸ.

ಎಸ್.ವಿ.ಸಿ.ಹೋಸ್ಟ್: ಒಂದಲ್ಲ, ಹತ್ತಾರು ಸಲ ಪಟ್ಟಿಯಲ್ಲಿ ಕಾಣಿಸುತ್ತದೆ. "ಒಂದೇ ಹೆಸರು ಇಷ್ಟು ಸಲ ಏಕೆ? ವೈರಸ್ ಮರಿ ಹಾಕಿದೆ!" ಎಂದು ಗಾಬರಿಯಾಗುವವರುಂಟು. ವಿಂಡೋಸ್‌ನ ಸೇವೆಗಳು ಇದರ ಆಶ್ರಯದಲ್ಲಿ ನಡೆಯುತ್ತವೆ. 2017ರಿಂದೀಚೆಗೆ, ಸಾಕಷ್ಟು ಮೆಮೊರಿ ಇರುವ ವಿಂಡೋಸ್ 10 ಯಂತ್ರಗಳಲ್ಲಿ ಹೆಚ್ಚಿನ ಸೇವೆಗಳಿಗೆ ಒಂದೊಂದು ಪ್ರತ್ಯೇಕ ಮನೆ ಕೊಡಲಾಯಿತು. ಒಂದು ಕೆಟ್ಟರೆ ಇನ್ನೊಂದು ಕೆಡಬಾರದೆಂಬುದು ಅದರ ಉದ್ದೇಶಗಳಲ್ಲೊಂದು. ಪಟ್ಟಿ ಉದ್ದವಾದದ್ದು ಹೀಗೆ.

'ಸಿಸ್ಟಮ್ ಐಡಲ್ ಪ್ರೊಸೆಸ್' ಎಂಬುದನ್ನೂ ಹೇಳಲೇಬೇಕು. ಅದರ ಮುಂದೆ 95, 98 ಎಂಬ ದೊಡ್ಡ ಅಂಕಿ ನೋಡಿ, ಇದೇ ಎಲ್ಲ ಶಕ್ತಿಯನ್ನೂ ತಿನ್ನುತ್ತಿದೆ ಎಂದು ತಿಳಿಯುವವರಿದ್ದಾರೆ. ನಿಜಾಂಶ ತದ್ವಿರುದ್ಧ. ಯಂತ್ರದ ಶಕ್ತಿಯಲ್ಲಿ ಎಷ್ಟು ಪಾಲು ಕೆಲಸವಿಲ್ಲದೆ ಸುಮ್ಮನೆ ಕುಳಿತಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ.

ಎಲ್ಲದರ ಸಾವೂ ಒಂದೇ ಅಲ್ಲ

ಪ್ರೊಸೆಸ್ ನಿಲ್ಲಿಸಿದರೆ ಯಾವಾಗಲೂ ಅನಾಹುತವೇ? ಇಲ್ಲ. ಕನ್ನಡದಲ್ಲಿ ಟೈಪ್ ಮಾಡಲು 'ನುಡಿ' ಅಥವಾ 'ಬರಹ' ತಂತ್ರಾಂಶವನ್ನು ತೆರೆದಿಟ್ಟಿರುತ್ತೇವೆ. ಅದನ್ನು ನಿಲ್ಲಿಸಿದರೆ ಕನ್ನಡ ಅಕ್ಷರ ಮೂಡುವುದು ನಿಲ್ಲುತ್ತದೆ ಅಷ್ಟೆ. ಮತ್ತೆ ತೆರೆದರೆ ಮತ್ತೆ ಬರುತ್ತದೆ. 'ಎಕ್ಸ್‌ಪ್ಲೋರರ್' ನಿಲ್ಲಿಸಿದರೆ ಕೆಳಗಿನ ಪಟ್ಟಿಯೂ ಡೆಸ್ಕ್‌ಟಾಪಿನ ಚಿತ್ರಗಳೂ ಮಾಯವಾಗಿ ಎದೆ ಧಸಕ್ಕೆನ್ನುತ್ತದೆ. ಆದರೆ ಟಾಸ್ಕ್ ಮ್ಯಾನೇಜರಿನಲ್ಲಿ ಹೊಸ ಕೆಲಸ ಆರಂಭಿಸುವ ಜಾಗದಲ್ಲಿ ಅದರ ಹೆಸರನ್ನೇ ಟೈಪ್ ಮಾಡಿದರೆ ಎಲ್ಲವೂ ಮರಳುತ್ತದೆ.

ಮೇಲೆ ಹೇಳಿದ ಮುಖ್ಯ ಕೆಲಸಗಾರರ ವಿಷಯ ಹಾಗಲ್ಲ. 'ಇದು ಇಲ್ಲದೆ ಬದುಕಲಾಗದು' ಎಂಬ ಗುರುತನ್ನು ವಿಂಡೋಸ್ ಅವುಗಳಲ್ಲಿ ಕೆಲವುಗಳ ಮೇಲೆ ಹಾಕಿಟ್ಟಿರುತ್ತದೆ. ಅಂಥದ್ದೊಂದು ಸತ್ತೊಡನೆ, ವಿಂಡೋಸ್‌ನ ಒಳತಿರುಳಾದ ಕರ್ನೆಲ್ ಇಡೀ ಯಂತ್ರವನ್ನು ತಾನಾಗಿಯೇ ನಿಲ್ಲಿಸಿಬಿಡುತ್ತದೆ. ನೀಲಿ ಪರದೆಯ ಮೇಲೆ 'ಕ್ರಿಟಿಕಲ್ ಪ್ರೊಸೆಸ್ ಡೈಡ್' ಎಂಬ ಮಾತು ಬರುವುದು ಆಗಲೇ. 2025ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 11ರಲ್ಲಿ ಈ ನೀಲಿಯನ್ನು ಕಪ್ಪು ಮಾಡಿತು. ಬಣ್ಣ ಬದಲಾದರೂ ಸಂದೇಶ ಅದೇ.

ಹೀಗೆ ದಿಢೀರನೆ ನಿಲ್ಲುವುದು ಕ್ರೂರವೆನಿಸಬಹುದು. ಅದರ ಹಿಂದೆ ಒಂದು ವಿವೇಕವಿದೆ. ಕಾವಲುಗಾರನಿಲ್ಲದ ಮನೆಯಲ್ಲಿ ಯಾರು ಏನನ್ನು ತೆಗೆಯುತ್ತಾರೋ, ಎಲ್ಲಿ ಏನನ್ನು ಬರೆಯುತ್ತಾರೋ ಹೇಳುವವರಿಲ್ಲ. ಅಂಥ ಸ್ಥಿತಿಯಲ್ಲಿ ಮುಂದುವರಿದರೆ ಡಿಸ್ಕಿನಲ್ಲಿ ಆಗಲೇ ಭದ್ರವಾಗಿರುವ ಕಡತಗಳೂ ಕೆಡಬಹುದು. ನಮ್ಮ ಗುಡ್ಡದ ರೈಲಿನ ಪ್ರತಿ ಬೋಗಿಯಲ್ಲೂ ಒಬ್ಬ ಬ್ರೇಕ್‌ಮ್ಯಾನ್ ಇರುವುದು ನಿಮಗೆ ಗೊತ್ತು. ಅಪಾಯ ಕಂಡರೆ ನಿಲ್ಲಿಸುವುದೇ ಅವನ ಧರ್ಮ. ಕರ್ನೆಲ್ ಮಾಡುವುದೂ ಅದನ್ನೇ. ಉಳಿಸದ ಅರ್ಧ ಗಂಟೆಯ ಕೆಲಸ ಹೋಗುತ್ತದೆ, ಉಳಿಸಿಟ್ಟ ಹತ್ತು ವರ್ಷದ ಫೋಟೋಗಳು ಉಳಿಯುತ್ತವೆ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಸಿ.ಎಸ್.ಆರ್.ಎಸ್.ಎಸ್. ಮುಂತಾದವನ್ನು ಮುಗಿಸಹೊರಟರೆ "ಇದು ಅತಿಮುಖ್ಯ ಪ್ರೊಸೆಸ್, ನಿಲ್ಲಿಸಲಾಗದು" ಎಂದು ಟಾಸ್ಕ್ ಮ್ಯಾನೇಜರ್ ಖಡಾಖಂಡಿತವಾಗಿ ಹೇಳುತ್ತಿತ್ತು. ಈಚಿನ ವಿಂಡೋಸ್‌ನಲ್ಲಿ ಕೆಲವಕ್ಕೆ ಪ್ರಶ್ನೆಯೊಂದು ಬರುತ್ತದೆ: ಇದನ್ನು ನಿಲ್ಲಿಸಿದರೆ ವಿಂಡೋಸ್ ಕೆಲಸಕ್ಕೆ ಬಾರದಾಗುತ್ತದೆ ಅಥವಾ ಮುಚ್ಚಿಕೊಳ್ಳುತ್ತದೆ, ಉಳಿಸದ್ದೆಲ್ಲ ಹೋಗುತ್ತದೆ, ಖಂಡಿತವೇ? ನಾವೇ ಚೌಕದಲ್ಲಿ ಗುರುತು ಹಾಕಿದರೆ ಮಾತ್ರ ಅದು ಮುಂದುವರಿಯುತ್ತದೆ. ಎಚ್ಚರಿಕೆ ಇರುವುದು ಓದುವುದಕ್ಕೆ!

ಕಾವಲುಗಾರನನ್ನೇ ಕೆಡವಿದ ಹುಳು

ಮನೆಯವರು ಯಾರೂ ಮುಟ್ಟದೆಯೂ ಇಂಥ ಪ್ರೊಸೆಸ್ ಸಾಯಬಹುದು ಎಂಬುದನ್ನು ಜಗತ್ತು 2003 ಮತ್ತು 2004ರಲ್ಲಿ ಕಂಡಿತು. 2003ರ ಆಗಸ್ಟ್‌ನಲ್ಲಿ 'ಬ್ಲಾಸ್ಟರ್' ಎಂಬ ಹುಳು, 2004ರ ಏಪ್ರಿಲ್ ಕೊನೆಯಲ್ಲಿ 'ಸಾಸರ್' ಎಂಬ ಹುಳು ಅಂತರ್ಜಾಲದಲ್ಲಿ ಹರಡಿದವು. ಇವಕ್ಕೆ ಇ-ಮೇಲ್ ತೆರೆಯುವುದೂ ಬೇಕಿರಲಿಲ್ಲ. ರಕ್ಷಣೆಯಿಲ್ಲದ ಯಂತ್ರ ಅಂತರ್ಜಾಲಕ್ಕೆ ಸೇರಿಕೊಂಡರೆ ಸಾಕಿತ್ತು. ಸಾಸರ್ ಹುಳು ಒಳನುಗ್ಗುವಾಗ ಎಲ್.ಎಸ್.ಎ.ಎಸ್.ಎಸ್. ಎಂಬ ಕಾವಲುಗಾರನೇ ಕುಸಿದು ಬೀಳುತ್ತಿದ್ದ. ಪರದೆಯ ಮೇಲೆ ಒಂದು ಪುಟ್ಟ ಚೌಕ ಮೂಡಿ, 60 ಸೆಕೆಂಡಿನಲ್ಲಿ ಯಂತ್ರ ನಿಲ್ಲುತ್ತದೆ ಎಂದು ಎಣಿಕೆ ಆರಂಭವಾಗುತ್ತಿತ್ತು. ಯಂತ್ರ ಮತ್ತೆ ಎದ್ದರೆ ಮತ್ತೆ ಅದೇ ಎಣಿಕೆ. ಆ ವರ್ಷಗಳಲ್ಲಿ ಕಂಪ್ಯೂಟರ್ ಇದ್ದ ಎಷ್ಟೋ ಮನೆ, ಕಚೇರಿ, ಇಂಟರ್ನೆಟ್ ಸೆಂಟರ್‌ಗಳಲ್ಲಿ ಆ ಚೌಕವನ್ನು ಕಂಡವರಿದ್ದಾರೆ.

ಬ್ರಿಟನ್ನಿನ ಕರಾವಳಿ ರಕ್ಷಣಾ ಕೇಂದ್ರಗಳಲ್ಲಿ ನಕ್ಷೆ ತೋರಿಸುವ ಕಂಪ್ಯೂಟರ್‌ಗಳು ಸಾಸರ್ ಕಾಟಕ್ಕೆ ಕೈಕೊಟ್ಟವು. ಸಿಬ್ಬಂದಿ ಕಾಗದದ ನಕ್ಷೆಗಳಿಗೆ ಮರಳಬೇಕಾಯಿತು. ಇದನ್ನು ಬರೆದವನು ಜರ್ಮನಿಯ 18 ವರ್ಷದ ವಿದ್ಯಾರ್ಥಿ! ವಿಷಾದದ ಸಂಗತಿಯೆಂದರೆ ಆ ದೋಷಕ್ಕೆ ಔಷಧ ಆಗಲೇ ಸಿದ್ಧವಿತ್ತು. ಹುಳು ಹರಡುವ ಎರಡು ವಾರಕ್ಕೂ ಮುಂಚೆ, ಏಪ್ರಿಲ್ 13ರಂದೇ, ಮೈಕ್ರೋಸಾಫ್ಟ್ ತಿದ್ದುಪಡಿಯನ್ನು ಹೊರಡಿಸಿತ್ತು. ಹಾಕಿಕೊಂಡವರು ಪಾರಾದರು, 'ಆಮೇಲೆ ನೋಡೋಣ' ಎಂದವರು ಸಿಕ್ಕಿಬಿದ್ದರು.

ಒಳ್ಳೆಯವರು ಹರಡಿದ ಸುಳ್ಳು

ಕೆಟ್ಟ ಹುಳುಗಳ ಕಥೆ ಹೀಗಾದರೆ, ಒಳ್ಳೆಯ ಮನಸ್ಸಿನವರೇ ಮಾಡಿದ ಹಾನಿಯ ಕಥೆ ಇನ್ನೊಂದಿದೆ. 2001ರಲ್ಲಿ ಲೋಕವೆಲ್ಲ ಸುತ್ತಿದ ಒಂದು ಇ-ಮೇಲ್, 'ಸಲ್ಫ್‌ಎನ್‌ಬಿಕೆ' ಎಂಬ ಹೆಸರಿನ ಕಡತ ನಿಮ್ಮ ಯಂತ್ರದಲ್ಲಿದ್ದರೆ ಅದು ವೈರಸ್, ಕೂಡಲೇ ಅಳಿಸಿ, ಪರಿಚಯದವರಿಗೆಲ್ಲ ತಿಳಿಸಿ ಎಂದಿತು. ಜನ ಹುಡುಕಿದರು. ಕಡತ ಇತ್ತು! ಇರದೆ ಏನು, ಅದು ವಿಂಡೋಸ್ 98ರ ಜೊತೆಯಲ್ಲೇ ಬಂದ ಸಾಚಾ ಕಡತ. 2002ರಲ್ಲಿ ಅದೇ ಆಟ ಮತ್ತೊಮ್ಮೆ ನಡೆಯಿತು. ಈ ಬಾರಿ ಗುರಿಯಾದ ಕಡತದ ಗುರುತು ಚಿತ್ರ ಒಂದು ಪುಟ್ಟ ಕರಡಿಮರಿ. ಯಾವ ವೈರಸ್ ನಿರೋಧಕವೂ ಇದನ್ನು ಹಿಡಿಯಲಾರದು ಎಂದೂ ಪತ್ರದಲ್ಲಿ ಬರೆದಿತ್ತು. ಹಿಡಿಯುವುದಾದರೂ ಹೇಗೆ? ಅದು ವೈರಸ್ಸೇ ಅಲ್ಲವಲ್ಲ!

ಇಲ್ಲಿ ಯಾವ ಹುಳುವೂ ಯಂತ್ರದೊಳಗೆ ಬರಲಿಲ್ಲ. ಹರಡಿದ್ದು ಭಯ, ಅಳಿಸಿದ್ದು ನಮ್ಮದೇ ಬೆರಳು. ಆ ಕಡತಗಳಿಲ್ಲದೆಯೂ ಬಹುತೇಕರ ಯಂತ್ರ ಓಡುತ್ತಿತ್ತಾದ್ದರಿಂದ ದೊಡ್ಡ ಅನಾಹುತ ತಪ್ಪಿತು. ಇಂದು ಅದೇ ಬಗೆಯ ಸಂದೇಶಗಳು ವಾಟ್ಸಾಪಿನಲ್ಲಿ ಬರುತ್ತವೆ: "ಇದನ್ನು ಕೂಡಲೇ ಅಳಿಸಿ, ಹತ್ತು ಜನರಿಗೆ ಕಳಿಸಿ." ಕಳಿಸಿದವರು ನಮ್ಮ ಅತ್ತೆಯೋ ಚಿಕ್ಕಪ್ಪನೋ ಆಗಿದ್ದರೆ ನಂಬಿಕೆ ಇಮ್ಮಡಿಯಾಗುತ್ತದೆ. ಕಳಿಸಿದವರ ಪ್ರೀತಿ ನಿಜ, ಆದರೆ ವಿಷಯವೂ ನಿಜವಾಗಿರಬೇಕೆಂದಿಲ್ಲ.

ಬೆಂಗಳೂರಿನಲ್ಲಿ ಕೈಬರಹದ ದಿನ

ಇದೆಲ್ಲ ಹಳೆಯ ಕಾಲದ ಮಾತು ಎಂದುಕೊಳ್ಳುವಂತಿಲ್ಲ. ನೀಲಗಿರಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವ ಬೆಂಗಳೂರು 2024ರ ಜುಲೈ 19ರಂದು ಇದರ ಬಿಸಿಯನ್ನು ಅನುಭವಿಸಿತು. ಯಂತ್ರಗಳಿಗೆ ರಕ್ಷಣೆ ಕೊಡುವ ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆ ಕಳಿಸಿದ ಒಂದು ತಿದ್ದುಪಡಿಯಲ್ಲಿ ದೋಷವಿತ್ತು. ಅಂದು ಯಾರೂ ಯಾವ ಪ್ರೊಸೆಸ್ಸನ್ನೂ ಮುಗಿಸಿರಲಿಲ್ಲ. ಆದರೆ ಆ ತಂತ್ರಾಂಶ ಕೆಲಸ ಮಾಡುತ್ತಿದ್ದುದು ವಿಂಡೋಸ್‌ನ ಒಳತಿರುಳಿನಲ್ಲಿ. ಅಲ್ಲಿ ಎಡವಿದರೆ ಇಡೀ ಯಂತ್ರವೇ ಎಡವಿದಂತೆ. ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು ಎಂದು ಮೈಕ್ರೋಸಾಫ್ಟ್ ಲೆಕ್ಕ ಹೇಳಿತು. ಬೆಂಗಳೂರು ಸೇರಿ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಉದ್ದುದ್ದ ಸಾಲಿನಲ್ಲಿ ನಿಂತರು. ಕೆಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು.

ಸಂಸ್ಥೆಯು 78 ನಿಮಿಷಗಳಲ್ಲಿ ತಪ್ಪನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೂ ಆಗಲೇ ಬಿದ್ದ ಯಂತ್ರಗಳು ಏಳುವ ಮೊದಲೇ ಮತ್ತೆ ಬೀಳುತ್ತಿದ್ದವಾದ್ದರಿಂದ ಅವುಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ, ಕೈಯಾರೆ ಸರಿಪಡಿಸಬೇಕಾಯಿತು. ಬುಡದಲ್ಲಿ ಆಗುವ ಒಂದು ಸಣ್ಣ ತಪ್ಪು ಎಷ್ಟು ದೂರ ಮುಟ್ಟುತ್ತದೆ ನೋಡಿ! ಪರಿಣತರ ಕೈಯಲ್ಲೇ ಹೀಗಾಗುವುದಾದರೆ, ಆ ಬುಡಕ್ಕೆ ಅರಿಯದೆ ಕೈ ಹಾಕುವ ಮುನ್ನ ನಾವು ನೂರು ಸಲ ಯೋಚಿಸಬೇಕಲ್ಲವೇ?

ಭಯವನ್ನು ಮಾರುವವರು

ನಮ್ಮ ಈ ಅಜ್ಞಾನದಿಂದಲೇ ಹಣ ಮಾಡುವವರಿದ್ದಾರೆ. ಫೋನ್ ಬರುತ್ತದೆ, ಅಥವಾ ಪರದೆಯ ಮೇಲೆ ಸುಳ್ಳು ಎಚ್ಚರಿಕೆಯೊಂದು ಕೂಗುತ್ತಾ ಮೂಡಿ, "ಈ ನಂಬರಿಗೆ ಕರೆ ಮಾಡಿ" ಎನ್ನುತ್ತದೆ. ಆ ಕಡೆಯ ವ್ಯಕ್ತಿ ತಾನು ಮೈಕ್ರೋಸಾಫ್ಟಿನವನು ಎನ್ನುತ್ತಾನೆ. ಯಂತ್ರವನ್ನು ದೂರದಿಂದಲೇ ನೋಡುವ ತಂತ್ರಾಂಶವನ್ನು ನಮ್ಮಿಂದಲೇ ಹಾಕಿಸಿ, ಸಹಜವಾಗಿ ನಡೆಯುತ್ತಿರುವ ಪ್ರೊಸೆಸ್‌ಗಳನ್ನೂ ಸಾಮಾನ್ಯ ದಾಖಲೆಗಳನ್ನೂ ತೋರಿಸುತ್ತಾನೆ. "ನೋಡಿ, ಎಷ್ಟು ವೈರಸ್!" ಎಂದು ಹೆದರಿಸಿ, ಸರಿಪಡಿಸಲು ಹಣ ಕೇಳುತ್ತಾನೆ. ಬ್ಯಾಂಕ್ ಖಾತೆಗೇ ಕನ್ನ ಹಾಕುವುದೂ ಉಂಟು. ಮಕ್ಕಳು ದೂರದ ಊರಿನಲ್ಲಿರುವ, ವಯಸ್ಸಾದ ತಂದೆ ತಾಯಿಯರು ಮಾತ್ರ ಇರುವ ಮನೆಗಳು ಇಂಥವರಿಗೆ ಸುಲಭದ ತುತ್ತು. ನಮ್ಮ ದೇಶದಿಂದಲೇ ಹೊರದೇಶದವರನ್ನು ಹೀಗೆ ವಂಚಿಸುತ್ತಿದ್ದ ಕಾಲ್ ಸೆಂಟರ್‌ಗಳ ಮೇಲೆ ಸಿಬಿಐ 2023ರ ಅಕ್ಟೋಬರ್‌ನಲ್ಲಿ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದಾಳಿ ನಡೆಸಿತು.

ನೆನಪಿಡಿ: ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ವೈರಸ್ ಇದೆ ಎಂದು ಮೈಕ್ರೋಸಾಫ್ಟ್ ತಾನಾಗಿ ಎಂದೂ ಫೋನ್ ಮಾಡುವುದಿಲ್ಲ. ನಿಜವಾದ ನೀಲಿ ಪರದೆಯಲ್ಲಿ ಕರೆ ಮಾಡಲು ಫೋನ್ ನಂಬರ್ ಇರುವುದಿಲ್ಲ. ಹಣ ಕಳೆದುಕೊಂಡವರು ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಅಷ್ಟು ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮನೆಯಲ್ಲಿ ಪಾಲಿಸಬೇಕಾದ ಕೆಲವು ನಿಯಮಗಳು

1. ನೀವೇ ತೆರೆದದ್ದನ್ನು ಮಾತ್ರ ನಿಲ್ಲಿಸಿ. ಈಗಿನ ಟಾಸ್ಕ್ ಮ್ಯಾನೇಜರಿನಲ್ಲಿ 'ಆ್ಯಪ್ಸ್' ಎಂಬ ಗುಂಪು ಮೊದಲು ಬರುತ್ತದೆ. ಅಂಟಿಕೊಂಡ ವರ್ಡ್ ಅಥವಾ ಬ್ರೌಸರ್ ಅಲ್ಲೇ ಸಿಗುತ್ತದೆ. ಕೆಳಗಿನ 'ವಿಂಡೋಸ್ ಪ್ರೊಸೆಸಸ್' ಗುಂಪಿಗೆ ಕೈ ಹಾಕಬೇಡಿ.

2. ಅನುಮಾನ ಬಂದರೆ ವಿಳಾಸ ನೋಡಿ. ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಕಡತ ಎಲ್ಲಿದೆ ಎಂದು ತೆರೆಯಿರಿ. ವಿಂಡೋಸ್‌ನ ಮುಖ್ಯ ಕೆಲಸಗಾರರ ಮನೆ 'ವಿಂಡೋಸ್' ಕೋಶದೊಳಗಿನ 'ಸಿಸ್ಟಮ್32'. ಅದೇ ಹೆಸರಿನವನು ಬೇರೆಲ್ಲೋ ವಾಸಿಸುತ್ತಿದ್ದರೆ ಅನುಮಾನಕ್ಕೆ ಕಾರಣವಿದೆ. ಅಕ್ಷರಗಳನ್ನೂ ಗಮನಿಸಿ: 'ಎಸ್.ವಿ.ಸಿ.' ಬದಲು 'ಎಸ್.ಸಿ.ವಿ.' ಎಂದು ಅಕ್ಷರ ತಿರುಚಿಕೊಂಡು ಬಂದ ವೈರಸ್‌ಗಳೂ ಇದ್ದವು. ಆಗಲೂ ಕೈಯಿಂದ ಕೊಲ್ಲಲು ಹೋಗದೆ ವೈರಸ್ ನಿರೋಧಕದಿಂದ ತಪಾಸಣೆ ಮಾಡಿಸಿ.

3. ಮಕ್ಕಳಿಗೆ ಬೇರೆ ಖಾತೆ ಮಾಡಿಕೊಡಿ. ವಿಂಡೋಸ್‌ನಲ್ಲಿ 'ಸ್ಟ್ಯಾಂಡರ್ಡ್' ಖಾತೆಯಿಂದ ಒಳಗೆ ಬಂದವರಿಗೆ ಯಂತ್ರದ ಮುಖ್ಯ ಪ್ರೊಸೆಸ್‌ಗಳನ್ನು ನಿಲ್ಲಿಸುವ ಅಧಿಕಾರವೇ ಇರುವುದಿಲ್ಲ. ದೊಡ್ಡವರೂ ದಿನನಿತ್ಯದ ಕೆಲಸಕ್ಕೆ ಅದನ್ನೇ ಬಳಸುವುದು ಲೇಸು.

4. ಆಗಾಗ ಉಳಿಸಿ. ಕಂಟ್ರೋಲ್ ಮತ್ತು ಎಸ್ ಕೀಲಿ ಒತ್ತಲು ಒಂದು ಕ್ಷಣ ಸಾಕು. ಮಳೆಗಾಲದಲ್ಲಿ ಗೂಡಲೂರು, ದೇವಾಲದ ಕಡೆ ಮರ ಬಿದ್ದು ಕರೆಂಟ್ ಹೋಗುವುದು ಹೊಸದೇನಲ್ಲ. ಹಠಾತ್ತನೆ ಕರೆಂಟ್ ಹೋದರೂ ನಷ್ಟ ಇದೇ ಬಗೆಯದು. ಸಾಧ್ಯವಿದ್ದರೆ ಯುಪಿಎಸ್ ಇಟ್ಟುಕೊಳ್ಳಿ. ಧರ್ಮಕೇಂದ್ರದ ಕಚೇರಿಯ ಹಳೆಯ ಜ್ಞಾನಸ್ನಾನ, ವಿವಾಹ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವವರು ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡುವುದನ್ನು ಮರೆಯಬಾರದು.

5. ತಿದ್ದುಪಡಿಗಳನ್ನು ಮುಂದೂಡಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಅಂಥ ಯಂತ್ರ ಬಳಸುವವರು ಮುಂದೇನು ಎಂದು ತಿಳಿದವರನ್ನು ಕೇಳಿ.

ಯಂತ್ರ ನಿಂತೇ ಬಿಟ್ಟರೆ?

ಮೊದಲು ಧೈರ್ಯ ತಂದುಕೊಳ್ಳಿ. ಮುಖ್ಯ ಪ್ರೊಸೆಸ್ ನಿಂತ ಮಾತ್ರಕ್ಕೆ ಯಂತ್ರದ ಯಾವ ಭಾಗವೂ ಸುಡುವುದಿಲ್ಲ, ಉಳಿಸಿಟ್ಟ ಕಡತಗಳು ಅಳಿಯುವುದಿಲ್ಲ. ಬಹುಪಾಲು ಯಂತ್ರಗಳು ತಾವಾಗಿಯೇ ಮತ್ತೆ ಎದ್ದು, ಆ ಮುಖ್ಯ ಕೆಲಸಗಾರರನ್ನೆಲ್ಲ ಹೊಸದಾಗಿ ಕರೆತರುತ್ತವೆ. ಆಮೇಲೆ ವರ್ಡ್ ತೆರೆದು ನೋಡಿ. ಸಾಮಾನ್ಯವಾಗಿ ಅದು ಹತ್ತು ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿಯನ್ನು ತೆಗೆದಿಟ್ಟಿರುತ್ತದೆ. ತಂಗಿಯ ಪತ್ರದ ಹೆಚ್ಚಿನ ಭಾಗ ಅಲ್ಲಿ ಸಿಕ್ಕೀತು.

ಯಾರೂ ಏನನ್ನೂ ಮುಟ್ಟದಿದ್ದರೂ ಅದೇ ಸಂದೇಶ ಮತ್ತೆ ಮತ್ತೆ ಬಂದರೆ ಮಾತ್ರ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಸ್ಕ್ ಸವೆದಿರಬಹುದು, ಹೊಸದಾಗಿ ಹಾಕಿದ ತಂತ್ರಾಂಶ ಹೊಂದದಿರಬಹುದು. ಮುಖ್ಯ ಕಡತಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಂಡು, ಬಳಿಕ ಬಲ್ಲವರಿಗೆ ತೋರಿಸಿ. ಪರದೆಯ ಮೇಲಿನ ಬರಹವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ರಿಪೇರಿ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ.

ಕಂಪ್ಯೂಟರ್ ಕಲಿಯಲು ಹೆದರಬೇಕೆಂದು ಇದರ ಅರ್ಥವಲ್ಲ. ಕುತೂಹಲವಿರುವ ಮಕ್ಕಳು ಪಟ್ಟಿಯನ್ನು ತೆರೆಯಲಿ, ಒಂದೊಂದು ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಂಡು, ಅದು ಏನು ಮಾಡುತ್ತದೆಂದು ಹುಡುಕಿ ತಿಳಿಯಲಿ. ದಿನಕ್ಕೊಂದು ಹೆಸರು ಕಲಿತರೂ ಒಂದು ರಜೆ ಮುಗಿಯುವುದರೊಳಗೆ ಮನೆಗೊಬ್ಬ ತಜ್ಞ ಸಿದ್ಧನಾಗುತ್ತಾನೆ. ಯಂತ್ರ "ಖಂಡಿತವೇ?" ಎಂದು ಕೇಳಿದಾಗ ಉತ್ತರ ತಿಳಿಯದಿದ್ದರೆ 'ಕ್ಯಾನ್ಸಲ್' ಒತ್ತುವುದರಲ್ಲಿ ಯಾವ ಅವಮಾನವೂ ಇಲ್ಲ ಎಂದು ಅವರಿಗೆ ಹೇಳಿಕೊಡಿ.